23 ವರ್ಷಗಳ ನಂತರ ತಿದ್ದಿದ ದಾಖಲೆ: ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ

ಮಧುಗಿರಿ: 1965ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಪಂಜಾಬಿನ ಆದಂಪುರ ವಾಯುನೆಲೆಯಿಂದ ಮೇಲೇರಿದ ಒಂದು ಮಿಸ್ಟೇರ್ ಯುದ್ಧವಿಮಾನ ಹಿಂದಿರುಗಲಿಲ್ಲ. ಅದನ್ನು ಹಾರಿಸುತ್ತಿದ್ದವರು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ಅವರು ಎಲ್ಲಿ ಬಿದ್ದರು, ಹೇಗೆ ಬಿದ್ದರು, ಬೀಳುವ ಮುನ್ನ ಏನು ಮಾಡಿದರು ಎಂಬುದನ್ನು ಕಂಡವರು ಭಾರತದ ಕಡೆ ಒಬ್ಬರೂ ಇರಲಿಲ್ಲ. ಹೀಗಾಗಿ ವಾಯುಪಡೆಯ ದಾಖಲೆಯಲ್ಲಿ ಅವರ ಹೆಸರು ಕಾಣೆಯಾದವರ ಸಾಲಿಗೆ ಸೇರಿತು. ಆ ಸಾಲಿನಿಂದ ಅವರನ್ನು ಮಹಾವೀರ ಚಕ್ರ ಪುರಸ್ಕೃತರ ಸಾಲಿಗೆ ತರಲು 23 ವರ್ಷಗಳು ಹಿಡಿದವು.

ಈ ತಿದ್ದುಪಡಿಗೆ ಬೇಕಾದ ಸಾಕ್ಷ್ಯ ದೊರೆತದ್ದು ದೆಹಲಿಯ ಕಡತಗಳಲ್ಲಲ್ಲ. ಯಾರ ವಿರುದ್ಧ ಅವರು ಹೋರಾಡಿದ್ದರೋ ಆ ದೇಶದ ಕಡತಗಳಲ್ಲಿ. ದೇವಯ್ಯನವರ ಬದುಕಿನ ಕಥೆಯನ್ನು ಮತ್ತೊಮ್ಮೆ ಹೇಳಬೇಕೆನಿಸುವುದು ಅವರ ಶೌರ್ಯಕ್ಕಾಗಿ ಮಾತ್ರವಲ್ಲ, ಈ ಕಾರಣಕ್ಕಾಗಿಯೂ ಹೌದು.

ದೇವಯ್ಯ ಜನಿಸಿದ್ದು 1932ರ ಡಿಸೆಂಬರ್ 24ರಂದು. ತಂದೆ ಡಾ. ಬೋಪಯ್ಯ. ಆಗಿನ ಕೊಡಗು ಬ್ರಿಟಿಷರ ಚೀಫ್ ಕಮಿಷನರ್ ಆಡಳಿತದಲ್ಲಿದ್ದ ಪ್ರತ್ಯೇಕ ಪ್ರಾಂತ. ಅದು ಮೈಸೂರು ರಾಜ್ಯದೊಳಗೆ ಸೇರಿದ್ದು 1956ರಲ್ಲಿ. ಕೊಡವರಲ್ಲಿ ಮನೆತನದ ಹೆಸರು ಮೊದಲು, ತಂದೆಯ ಹೆಸರು ನಂತರ, ತನ್ನ ಹೆಸರು ಕೊನೆಗೆ ಬರುವುದು ವಾಡಿಕೆ. ಅಜ್ಜಮಾಡ ಎಂಬುದು ಅವರ ಮನೆತನ. ವಾಯುಪಡೆಯ ಕಾಗದಪತ್ರಗಳಲ್ಲಿ ಇದು ಎ.ಬಿ. ದೇವಯ್ಯ ಎಂದಾಯಿತು. ಸಹೋದ್ಯೋಗಿಗಳ ಬಾಯಲ್ಲಿ ಅವರು ಟಬ್ಬಿ.

ಸೈನ್ಯಕ್ಕೆ ಸೇರುವುದು ಕೊಡಗಿನ ಮನೆಗಳಲ್ಲಿ ಹೊಸ ಸಂಗತಿಯೇನಲ್ಲ. 1949ರ ಜನವರಿ 15ರಂದು ಕೆ.ಎಂ. ಕಾರ್ಯಪ್ಪ ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾಗಿ ಅಧಿಕಾರ ವಹಿಸಿಕೊಂಡಾಗ ದೇವಯ್ಯ 16ರ ಹುಡುಗ. ಆದರೆ ಅವರು ಆರಿಸಿಕೊಂಡದ್ದು ಭೂಸೇನೆಯನ್ನಲ್ಲ, ಆಕಾಶವನ್ನು. 1954ರ ಡಿಸೆಂಬರ್ 6ರಂದು, 22 ತುಂಬಲು ಕೆಲವೇ ದಿನಗಳಿರುವಾಗ, ಅವರು ವಾಯುಪಡೆಯ ಪೈಲಟ್ ಅಧಿಕಾರಿಯಾದರು.

ಮುಂದಿನ ಹತ್ತು ವರ್ಷಗಳಲ್ಲಿ ಅವರು ನುರಿತ ಹಾರಾಟಗಾರರಷ್ಟೇ ಅಲ್ಲ, ಬೇರೆಯವರಿಗೆ ಹಾರಲು ಕಲಿಸುವ ಬೋಧಕರೂ ಆದರು. 1965ರಲ್ಲಿ ಯುದ್ಧದ ಮೋಡ ಕವಿದಾಗ ಅವರು ವಾಯುಪಡೆಯ ಫ್ಲೈಯಿಂಗ್ ಕಾಲೇಜಿನಲ್ಲಿ ಬೋಧಕರಾಗಿದ್ದರು. ಮನೆಯಲ್ಲಿ ಪತ್ನಿ ಮತ್ತು ಇಬ್ಬರು ಹೆಣ್ಣುಮಕ್ಕಳು. ತರಬೇತಿ ಕೇಂದ್ರದಿಂದ ಅವರನ್ನು ಕಳುಹಿಸಿದ್ದು ಆದಂಪುರದಲ್ಲಿದ್ದ 1ನೇ ಸ್ಕ್ವಾಡ್ರನ್‌ಗೆ. 1933ರ ಏಪ್ರಿಲ್ 1ರಂದು ಕರಾಚಿಯಲ್ಲಿ ಸ್ಥಾಪನೆಯಾದ, ಭಾರತೀಯ ವಾಯುಪಡೆಯಲ್ಲಿಯೇ ಅತ್ಯಂತ ಹಳೆಯದಾದ ಈ ದಳಕ್ಕೆ ಟೈಗರ್ಸ್ ಎಂಬ ಹೆಸರಿದೆ. ಯಾವ ಊರಿನಲ್ಲಿ ದಳ ಹುಟ್ಟಿತೋ ಆ ಊರು ಈಗ ಶತ್ರುವಿನ ನೆಲದಲ್ಲಿತ್ತು!

ಸೆಪ್ಟೆಂಬರ್ 1ರಂದು ಪಾಕಿಸ್ತಾನ ಛಂಬ್ ವಲಯದಲ್ಲಿ ದಾಳಿ ನಡೆಸಿತ್ತು. ಸೆಪ್ಟೆಂಬರ್ 6ರಂದು ಭಾರತದ ಸೇನೆ ಅಂತಾರಾಷ್ಟ್ರೀಯ ಗಡಿ ದಾಟಿ ಲಾಹೋರಿನತ್ತ ಸಾಗಿತು. ಅಂದು ಸಂಜೆಯೇ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್, ಆದಂಪುರ, ಹಲ್ವಾರಾ ನೆಲೆಗಳ ಮೇಲೆರಗಿದವು. ಪಠಾಣ್‌ಕೋಟ್‌ನಲ್ಲಿ ನೆಲದ ಮೇಲೆ ನಿಂತಿದ್ದ ವಿಮಾನಗಳೇ ಸುಟ್ಟುಹೋದವು. ಇದಕ್ಕೆ ಉತ್ತರವಾಗಿ ಮರುದಿನ ಬೆಳಗಾಗುವ ಮೊದಲೇ ಸರ್ಗೋಧಾ ವಾಯುನೆಲೆಯನ್ನು ಹೊಡೆಯುವುದೆಂದು ನಿರ್ಧಾರವಾಯಿತು.

ಸರ್ಗೋಧಾ ಪಾಕಿಸ್ತಾನದ ವಾಯುಬಲದ ಹೃದಯಭಾಗ. ಆದಂಪುರದಿಂದ ನೇರ ದಾರಿಯಲ್ಲಿ ಸುಮಾರು 300 ಕಿಲೋಮೀಟರ್. ಬಾಂಬು, ರಾಕೆಟ್‌ಗಳನ್ನು ಹೊತ್ತು, ರಾಡಾರ್ ಕಣ್ಣಿಗೆ ಬೀಳದಂತೆ ನೆಲಕ್ಕೆ ಅಂಟಿದಂತೆ ಹಾರಿಹೋಗಿ, ದಾಳಿ ನಡೆಸಿ ಹಿಂದಿರುಗಲು ಫ್ರೆಂಚ್ ನಿರ್ಮಿತ ಮಿಸ್ಟೇರ್‌ನಲ್ಲಿ ಇಂಧನ ಹೆಚ್ಚೂಕಡಿಮೆ ಅಷ್ಟಕ್ಕಷ್ಟೇ. ಕತ್ತಲಲ್ಲಿ ದಾರಿ ತೋರುವ ಆಧುನಿಕ ಉಪಕರಣಗಳೂ ಆ ವಿಮಾನದಲ್ಲಿರಲಿಲ್ಲ. ದಿಕ್ಸೂಚಿ ಮತ್ತು ಗಡಿಯಾರವನ್ನು ನಂಬಿ ಹೋಗಬೇಕು. ರೇಡಿಯೋದಲ್ಲಿ ಮಾತನಾಡುವಂತಿಲ್ಲ. ಈ ಕೊನೆಯ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ದೇವಯ್ಯನವರಿಗೆ ಏನಾಯಿತೆಂದು ಯಾರಿಗೂ ತಿಳಿಯದೆ ಹೋದದ್ದಕ್ಕೆ ಇದೂ ಕಾರಣ.

ದಳದ ನಾಯಕರಾಗಿದ್ದ ವಿಂಗ್ ಕಮಾಂಡರ್ ಓ.ಪಿ. ತನೇಜಾ ನೇತೃತ್ವದಲ್ಲಿ 12 ವಿಮಾನಗಳು ಹೋಗುವುದೆಂದು ಯೋಜನೆ. ದೇವಯ್ಯ ಮೂಲ ಪಟ್ಟಿಯಲ್ಲಿರಲಿಲ್ಲ. ಹೊರಟವರಲ್ಲಿ ಯಾರದಾದರೂ ವಿಮಾನ ಕೈಕೊಟ್ಟರೆ ಆ ಸ್ಥಾನ ತುಂಬಲೆಂದು ಅವರನ್ನು ಮೀಸಲು ಇರಿಸಲಾಗಿತ್ತು. ಹಾಗೆ ಸ್ಥಾನ ತೆರವಾದಾಗ ಅವರು ಹೊರಟರು. ಮುಂದೆ ಹೋದವರನ್ನು ಹಿಂದಿನಿಂದ ಸೇರಿಕೊಳ್ಳಬೇಕಾದ, ಒಂಟಿಯಾಗಿ ಉಳಿಯುವ ಸಂಭವವೇ ಹೆಚ್ಚಾಗಿದ್ದ ಹಾರಾಟ ಅದು.

ದಾಳಿ ಮುಗಿಸಿ ವಿಮಾನಗಳು ಪೂರ್ವಕ್ಕೆ ತಿರುಗುತ್ತಿದ್ದಾಗ ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಖಾನ್ ಅವರ ಎಫ್-104 ಸ್ಟಾರ್‌ಫೈಟರ್ ದೇವಯ್ಯನವರ ಮಿಸ್ಟೇರ್‌ನ ಬೆನ್ನು ಹತ್ತಿತು. ಎರಡು ವಿಮಾನಗಳ ನಡುವೆ ಹೋಲಿಕೆಯೇ ಇರಲಿಲ್ಲ. ಸ್ಟಾರ್‌ಫೈಟರ್ ಅಮೆರಿಕದ ಕೊಡುಗೆ. ಶಬ್ದದ ಎರಡು ಪಟ್ಟು ವೇಗ, ಶಾಖವನ್ನು ಹಿಂಬಾಲಿಸಿ ಹೊಡೆಯುವ ಸೈಡ್‌ವಿಂಡರ್ ಕ್ಷಿಪಣಿ, ನಿಮಿಷಕ್ಕೆ ಸಾವಿರಾರು ಗುಂಡುಗಳನ್ನು ಉಗುಳುವ ತಿರುಗುನಳಿಗೆಯ ಫಿರಂಗಿ. ಮಿಸ್ಟೇರ್ ಮಟ್ಟಸ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟದ ವಿಮಾನ. ಕೈಯಲ್ಲಿದ್ದದ್ದು 30 ಮಿ.ಮೀ.ನ ಎರಡು ಫಿರಂಗಿಗಳು.

ಮೊದಲು ಹಾರಿಬಂದ ಕ್ಷಿಪಣಿ ಗುರಿ ತಪ್ಪಿ ನೆಲಕ್ಕೆ ಬಿತ್ತು. ನಂತರ ಅಮ್ಜದ್ ಹತ್ತಿರ ಬಂದು ಫಿರಂಗಿ ಹಾರಿಸಿದರು. ಮಿಸ್ಟೇರ್‌ಗೆ ಪೆಟ್ಟು ಬಿತ್ತು. ಅದು ಮುಗಿಯಿತೆಂದು ಭಾವಿಸಿ ಅವರು ಬೇರೆಡೆ ಗಮನ ಹರಿಸಿದರು. ಆದರೆ ಅದು ಮುಗಿದಿರಲಿಲ್ಲ. ಪೆಟ್ಟು ತಿಂದ ವಿಮಾನವನ್ನು ದೇವಯ್ಯ ಹತೋಟಿಗೆ ತಂದುಕೊಂಡರು.

ಇಲ್ಲಿ ಅವರ ಮುಂದೆ ಎರಡು ದಾರಿಗಳಿದ್ದವು. ಗಡಿಯತ್ತ ಓಡಬಹುದಿತ್ತು, ಆದರೆ ಎರಡು ಪಟ್ಟು ವೇಗದ ವಿಮಾನದಿಂದ ಓಡಿ ತಪ್ಪಿಸಿಕೊಳ್ಳುವುದು ದುಸ್ತರ. ತಿರುಗಿ ನಿಂತು ಕಾದಾಡಬಹುದಿತ್ತು, ಆದರೆ ಹಾಗೆ ಮಾಡಿದರೆ ಮನೆ ಮುಟ್ಟಲು ಬೇಕಾದ ಇಂಧನ ಆಕಾಶದಲ್ಲಿಯೇ ಸುಟ್ಟುಹೋಗುತ್ತಿತ್ತು. ಅವರು ತಿರುಗಿ ನಿಂತರು. ಕೆಳಮಟ್ಟದಲ್ಲಿ, ಕಡಿಮೆ ವೇಗದಲ್ಲಿ, ಸುತ್ತಿ ಸುತ್ತಿ ನಡೆದ ಕಾಳಗ ಅದು. ಸಣ್ಣ ರೆಕ್ಕೆಯ ಸ್ಟಾರ್‌ಫೈಟರ್ ನೇರ ಓಟದಲ್ಲಿ ಅಜೇಯವಾದರೂ ಬಿಗಿ ತಿರುವುಗಳಲ್ಲಿ ಸೋಲುವ ವಿಮಾನ. ಹುಡುಗರಿಗೆ ಹಾರಾಟ ಕಲಿಸುತ್ತಿದ್ದ ಬೋಧಕರಿಗೆ ಇದು ತಿಳಿಯದ ಪಾಠವಲ್ಲ. ಅವರ ಫಿರಂಗಿಯ ಗುಂಡುಗಳು ಸ್ಟಾರ್‌ಫೈಟರ್‌ಗೆ ನಾಟಿದವು. ವಿಮಾನ ಹತೋಟಿ ತಪ್ಪಿತು, ಅಮ್ಜದ್ ಹೊರಜಿಗಿದು ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿಕೊಂಡರು. ದೇವಯ್ಯ ಬದುಕಲಿಲ್ಲ. ಆಗ ಅವರಿಗೆ 32 ವರ್ಷ.

ಆದಂಪುರದಲ್ಲಿ ಇಳಿದವರು ಲೆಕ್ಕ ಹಾಕಿದಾಗ ಒಂದು ವಿಮಾನ ಕಡಿಮೆ. ದಂಡಿನ ಯಾರೂ ಕಾಳಗವನ್ನು ಕಂಡಿರಲಿಲ್ಲ, ರೇಡಿಯೋದಲ್ಲಿ ಏನೂ ಕೇಳಿರಲಿಲ್ಲ. ವಿಮಾನವಿರೋಧಿ ಫಿರಂಗಿಗೆ ಸಿಕ್ಕಿರಬಹುದು, ಬೇರೇನೋ ಅವಘಡವಾಗಿರಬಹುದು ಎಂಬ ಊಹೆಗಳಷ್ಟೇ ಉಳಿದವು. ಊಹೆಯನ್ನು ದಾಖಲೆಗೆ ಬರೆಯಲಾಗದು. ಸೇನೆಯ ಭಾಷೆಯಲ್ಲಿ ಕಾಣೆಯಾದವನೆಂದರೆ ಸತ್ತವನಲ್ಲ, ಸೆರೆಸಿಕ್ಕವನೂ ಅಲ್ಲ.

ಮನೆಯವರ ಪಾಲಿಗೆ ಇದಕ್ಕಿಂತ ಕಠಿಣವಾದ ಪದ ಇನ್ನೊಂದಿಲ್ಲ. ತಾಷ್ಕೆಂಟ್ ಒಪ್ಪಂದದ ಬಳಿಕ 1966ರ ಜನವರಿಯಲ್ಲಿ ಯುದ್ಧಕೈದಿಗಳು ಹಿಂದಿರುಗತೊಡಗಿದರು. ಕೊಡಗಿನವರೇ ಆದ ಕಾರ್ಯಪ್ಪನವರ ಪುತ್ರ, ಸೆಪ್ಟೆಂಬರ್ 22ರಂದು ವಿಮಾನ ಉರುಳಿ ಸೆರೆಸಿಕ್ಕಿದ್ದ ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ, ಆ ತಿಂಗಳು ತಾಯ್ನಾಡಿಗೆ ಬಂದರು. ಬಂದವರಲ್ಲಿ ದೇವಯ್ಯ ಇರಲಿಲ್ಲ.

ಯುದ್ಧಕಾಲದ ದಾಖಲೆ ತಪ್ಪುವುದು ಅಪರೂಪವಲ್ಲ. 1962ರ ಚೀನಾ ಯುದ್ಧದಲ್ಲಿ ಲಡಾಖಿನ ಸಿರಿಜಾಪ್‌ನಲ್ಲಿ ಹೋರಾಡಿದ ಮೇಜರ್ ಧನ್ ಸಿಂಗ್ ಥಾಪಾ ಮಡಿದರೆಂದೇ ನಂಬಿ ಅವರಿಗೆ ಮರಣೋತ್ತರ ಪರಮವೀರ ಚಕ್ರ ಘೋಷಿಸಲಾಗಿತ್ತು. ಅವರು ಚೀನೀಯರ ಸೆರೆಯಲ್ಲಿದ್ದರು. 1963ರಲ್ಲಿ ಜೀವಂತವಾಗಿ ಮರಳಿದರು, ದಾಖಲೆ ತಿದ್ದಲಾಯಿತು. ಥಾಪಾ ಅವರ ವಿಷಯದಲ್ಲಿ ತಪ್ಪನ್ನು ತಿದ್ದಲು ಸ್ವತಃ ಅವರೇ ಬಂದು ನಿಂತರು. ದೇವಯ್ಯನವರ ಪರವಾಗಿ ಯಾರು ಬಂದು ನಿಲ್ಲಬೇಕಿತ್ತು?

ಬಂದದ್ದು ಒಂದು ಪುಸ್ತಕ. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1965ರ ವಾಯುಯುದ್ಧವನ್ನು ಕುರಿತು ಬರೆದ ಗ್ರಂಥ 1979ರಲ್ಲಿ ಪ್ರಕಟವಾಯಿತು. ಪಾಕಿಸ್ತಾನ ವಾಯುಪಡೆಯ ದಾಖಲೆಗಳನ್ನು ಕಂಡು, ಅಲ್ಲಿನ ಪೈಲಟ್‌ಗಳನ್ನು ಮಾತನಾಡಿಸಿ ಬರೆದ ಈ ಗ್ರಂಥ ಹೆಚ್ಚಾಗಿ ಪಾಕಿಸ್ತಾನದ ದೃಷ್ಟಿಯಿಂದಲೇ ಯುದ್ಧವನ್ನು ನೋಡುತ್ತದೆ. ಭಾರತದಲ್ಲಿ ಅದರ ಬಗ್ಗೆ ಅಸಮಾಧಾನವೂ ಇತ್ತು. ಆದರೆ ಸೆಪ್ಟೆಂಬರ್ 7ರ ಬೆಳಗಿನ ಪ್ರಸಂಗದಲ್ಲಿ, ಒಂದು ಸ್ಟಾರ್‌ಫೈಟರ್ ಒಂದು ಮಿಸ್ಟೇರ್‌ನೊಂದಿಗೆ ಸೆಣಸಿ ಉರುಳಿದ ವಿವರ ಅದರಲ್ಲಿತ್ತು. ಸ್ಫೋಟಗೊಂಡ ಮಿಸ್ಟೇರ್‌ನ ಚೂರುಗಳಿಗೆ ತಾಗಿ ಸ್ಟಾರ್‌ಫೈಟರ್ ಕೆಡೆಯಿತೆಂಬ ಮಾತೂ ಪಾಕಿಸ್ತಾನದಲ್ಲಿ ಪ್ರಚಲಿತವಾಗಿತ್ತು. ಫ್ರಿಕರ್ ಬರೆದದ್ದು ಅದಲ್ಲ. ಪೆಟ್ಟು ತಿಂದ ಮಿಸ್ಟೇರ್ ಮರಳಿ ಬಂದು ಹೊಡೆದ ಕಥೆ ಅದು.

ಆ ಮಿಸ್ಟೇರ್‌ನಲ್ಲಿದ್ದ ಭಾರತೀಯನ ಹೆಸರು ಪುಸ್ತಕಕ್ಕೆ ಬೇಕಿರಲಿಲ್ಲ. ತನೇಜಾ ಅವರಿಗೆ ಬೇಕಿತ್ತು. ದಿನಾಂಕ, ಹೊತ್ತು, ಸ್ಥಳ, ವಿಮಾನದ ಮಾದರಿ ಎಲ್ಲವೂ ಅವರ ದಳದ ಹಾರಾಟಕ್ಕೇ ಹೊಂದುತ್ತಿದ್ದವು. ಆ ಬೆಳಗಿನ ಮೊದಲ ದಾಳಿಯಿಂದ ಅವರ ದಳಕ್ಕೆ ಹಿಂದಿರುಗದ ಮಿಸ್ಟೇರ್ ಒಂದೇ ಒಂದು. ಹಾಗಿದ್ದ ಮೇಲೆ ಶಬ್ದಾತೀತ ವೇಗದ ವಿಮಾನವನ್ನು ಉರುಳಿಸಿದವರು ದೇವಯ್ಯನವರಲ್ಲದೆ ಮತ್ತಾರೂ ಆಗಿರಲು ಸಾಧ್ಯವಿರಲಿಲ್ಲ. ತನೇಜಾ ಈ ಸಂಗತಿಯನ್ನು ಅಧಿಕಾರಿಗಳ ಗಮನಕ್ಕೆ ತಂದು ಗೌರವಕ್ಕಾಗಿ ಶಿಫಾರಸು ಮಾಡಿದರು. ಯುದ್ಧದ ಚರಿತ್ರೆಯನ್ನು ದಾಖಲಿಸುತ್ತಿದ್ದ ವಾಯುಪಡೆಯವರೂ ಎರಡು ದೇಶಗಳ ವಿವರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಹೊಂದಿಕೆಯಾಯಿತು.

ಹೊಗಳಿಕೆಯ ಮಾತುಗಳಿಂದ ಆಗದ ಕೆಲಸ ತಾರೀಖು ಮತ್ತು ಹೊತ್ತಿನಿಂದ ಆಯಿತು ಎಂಬುದು ಇಲ್ಲಿ ಗಮನಾರ್ಹ. ದಾಖಲೆ ತಿದ್ದಿಸುವ ಪಾಡು ಮಹಾವೀರ ಚಕ್ರದಂತಹ ದೊಡ್ಡ ಸಂಗತಿಗೆ ಮಾತ್ರ ಸಂಬಂಧಿಸಿದ್ದಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹಳ್ಳಿಗಳಿಂದ ಸೈನ್ಯಕ್ಕೆ ಹೋಗಿ ನಿವೃತ್ತರಾದವರ ಮನೆಗಳಿಗೂ ಇದು ಗೊತ್ತಿರುವ ಪಾಡು. ಊರಿನ ಮತ್ತು ತಂದೆಯ ಹೆಸರು ಬರೀ ಇನಿಷಿಯಲ್‌ಗಳಾಗಿ ನಿಲ್ಲುವ ನಮ್ಮ ಕಡೆಯ ಪದ್ಧತಿ ಉತ್ತರದ ಕಚೇರಿಗಳಿಗೆ ಒಗ್ಗುವುದಿಲ್ಲ. ಭರ್ತಿಯ ದಿನ ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡ ಹೆಸರೇ ಜೀವನಪರ್ಯಂತ ಉಳಿಯುತ್ತದೆ. ಮೂರು ಕಡೆ ಆಂಧ್ರ ಸುತ್ತುವರಿದಿರುವ ಪಾವಗಡದಲ್ಲಿ ಒಂದೇ ಹೆಸರಿಗೆ ಕನ್ನಡದ ಉಚ್ಚಾರವೊಂದು, ತೆಲುಗಿನದೊಂದು. ಡಿಸ್ಚಾರ್ಜ್ ಪುಸ್ತಕದಲ್ಲಿ ಪತ್ನಿ ಲಕ್ಷ್ಮಮ್ಮ, ಆಧಾರ್‌ನಲ್ಲಿ ಲಕ್ಷ್ಮೀದೇವಮ್ಮ. ಯಜಮಾನರು ಬದುಕಿರುವ ತನಕ ಇದು ಯಾರಿಗೂ ತೊಡಕೆನಿಸುವುದಿಲ್ಲ. ಅವರು ಕಣ್ಣು ಮುಚ್ಚಿದ ಮೇಲೆ ಕುಟುಂಬ ಪಿಂಚಣಿ ಕೇಳಲು ಹೋದಾಗ ಇಬ್ಬರೂ ಒಬ್ಬರೇ ಎಂದು ಸಾಬೀತುಪಡಿಸುವ ಹೊಣೆ ಆ ಅಜ್ಜಿಯ ಮೇಲೆ ಬೀಳುತ್ತದೆ.

ಅಲೆದಾಟವೂ ಸಣ್ಣದಲ್ಲ. ಸೇವಾ ದಾಖಲೆ ಇರುವುದು ಆಯಾ ದಳದ ರೆಕಾರ್ಡ್ ಕಚೇರಿಯಲ್ಲಿ. ಫಿರಂಗಿ ದಳದವರದು ನಾಸಿಕ ರಸ್ತೆಯಲ್ಲಿ, ಮದ್ರಾಸ್ ರೆಜಿಮೆಂಟಿನವರದು ವೆಲ್ಲಿಂಗ್ಟನ್‌ನಲ್ಲಿ, ಮರಾಠಾ ಲಘು ಪದಾತಿ ದಳದವರದು ಬೆಳಗಾವಿಯಲ್ಲಿ, ಮದ್ರಾಸ್ ಸ್ಯಾಪರ್ಸ್‌ನವರದು ಬೆಂಗಳೂರಿನಲ್ಲಿ, ವಾಯುಪಡೆಯ ವಾಯುಯೋಧರದು ದೆಹಲಿಯಲ್ಲಿ. ಭೂಸೇನೆಯವರ ಪಿಂಚಣಿ ಆದೇಶ ಹೊರಡುವುದು ಈಗ ಪ್ರಯಾಗರಾಜ್ ಎನಿಸಿಕೊಂಡ ಅಲಹಾಬಾದಿನಿಂದ. ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆ ಬಂದ ಮೇಲೆ ಓಡಾಟ ತಗ್ಗಿದೆಯಾದರೂ ಕಂಪ್ಯೂಟರ್ ಒಂದು ಅಕ್ಷರದ ವ್ಯತ್ಯಾಸವನ್ನೂ ಮನ್ನಿಸುವುದಿಲ್ಲ. ಪದಕಗಳ ಕಥೆಯೂ ಹೀಗೆಯೇ. 1965ರ ಯುದ್ಧದಲ್ಲಿದ್ದವರಿಗೆಂದು ಸಮರ ಸೇವಾ ಸ್ಟಾರ್ ಮತ್ತು ರಕ್ಷಾ ಪದಕಗಳನ್ನು ಸ್ಥಾಪಿಸಲಾಗಿತ್ತು. ಅರ್ಹನಾಗಿದ್ದರೂ ಪದಕ ಕೈಸೇರದ ಯೋಧನಿಗೆ ಅದನ್ನು ಕೇಳಿ ಪಡೆಯಲು ಬೇಕಾಗುವುದು ಸೇವಾ ಸಂಖ್ಯೆ, ಯೂನಿಟ್‌ನ ಹೆಸರು, ತಾರೀಖು. ಮನೆಯ ಟ್ರಂಕಿನಲ್ಲಿರುವ ಹಳೆಯ ಕಾಗದವನ್ನು ಗೆದ್ದಲಿಗೆ ಬಿಟ್ಟವರಿಗೆ ಈ ಮೂರನ್ನು ಹೊಂದಿಸುವುದೇ ದೊಡ್ಡ ಕೆಲಸ.

ಪುನಃ ದೇವಯ್ಯನವರ ವಿಷಯಕ್ಕೆ ಬರುವುದಾದರೆ, 1988ರಲ್ಲಿ ಭಾರತ ಸರ್ಕಾರ ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವನ್ನು ನೀಡಿತು. ಯುದ್ಧಕಾಲದ ಶೌರ್ಯಕ್ಕೆ ಸಲ್ಲುವ ಗೌರವಗಳಲ್ಲಿ ಇದು ಪರಮವೀರ ಚಕ್ರದ ನಂತರದ ಸ್ಥಾನದ್ದು. ಅವರ ಪತ್ನಿ ಅದನ್ನು ಸ್ವೀಕರಿಸಿದರು. ಗಂಡ ಹೇಗೆ ಮಡಿದರೆಂದು ತಿಳಿಯದೆಯೇ ಅವರು ಇಬ್ಬರು ಮಕ್ಕಳನ್ನು ಬೆಳೆಸಿದ್ದರು. ವಾಯುಪಡೆಯಲ್ಲಿ ಮರಣೋತ್ತರವಾಗಿ ಮಹಾವೀರ ಚಕ್ರ ಪಡೆದ ಏಕೈಕ ಅಧಿಕಾರಿ ದೇವಯ್ಯ. ಅಂದು ಅವರು ಹಾರಿಸಿದ ಮಿಸ್ಟೇರ್ ಮಾದರಿಯ ವಿಮಾನಗಳು ಆ ಹೊತ್ತಿಗೆ ಸೇವೆಯಿಂದಲೇ ನಿವೃತ್ತವಾಗಿದ್ದವು.

ಒಂದು ಸಂಗತಿಯನ್ನು ಹೇಳದೆ ಬಿಡುವಂತಿಲ್ಲ. ಅದೇ ಕಾಳಗಕ್ಕಾಗಿ ಅಮ್ಜದ್ ಹುಸೇನ್ ಅವರಿಗೆ ಪಾಕಿಸ್ತಾನ ಸಿತಾರಾ-ಎ-ಜುರ್ರತ್ ನೀಡಿ ಗೌರವಿಸಿತ್ತು. ವಿಮಾನ ಕಳೆದುಕೊಂಡವರ ಎದೆಯ ಮೇಲೆ ಪದಕವಿದ್ದಷ್ಟು ಕಾಲವೂ ಅದನ್ನು ಉರುಳಿಸಿದವರು ಕಾಣೆಯಾದವರಾಗಿದ್ದರು. 1971ರ ಯುದ್ಧದಲ್ಲಿ ಅಮ್ಜದ್ ಅವರ ಸ್ಟಾರ್‌ಫೈಟರ್ ಅಮೃತಸರದ ಬಳಿ ವಿಮಾನವಿರೋಧಿ ಫಿರಂಗಿಗೆ ತುತ್ತಾಗಿ, ಅವರು ಭಾರತದ ಸೆರೆಯಾಳಾದರು. ಆರು ವರ್ಷಗಳ ಹಿಂದಿನ ಆ ಮಿಸ್ಟೇರ್ ವಿಚಾರವನ್ನು ಬಲ್ಲ ಮನುಷ್ಯ ಭಾರತದ ನೆಲದಲ್ಲಿಯೇ ಇದ್ದರು! ಆದರೆ ಆ ಪ್ರಶ್ನೆ ಉತ್ತರ ಕಾಣಲು ಇನ್ನೂ ವರ್ಷಗಳು ಬೇಕಾದವು.

ದೇವಯ್ಯನವರ ದೇಹ ಏನಾಯಿತೆಂಬುದೂ ಗಡಿಯಾಚೆಯಿಂದಲೇ ತಿಳಿಯಬೇಕಾಯಿತು. ಪಾಕಿಸ್ತಾನ ವಾಯುಪಡೆಯ ನಿವೃತ್ತ ಅಧಿಕಾರಿ, ಇತಿಹಾಸ ಲೇಖಕ ಕೈಸರ್ ತುಫೈಲ್ ಬರೆದಿರುವಂತೆ, ಅವರ ದೇಹವನ್ನು ಅಲ್ಲಿನ ಪಂಜಾಬಿನ ಹಳ್ಳಿಗರು ತಮ್ಮ ಊರ ಹೊಲದಲ್ಲಿ ಹೂಳಿದ್ದರು. ದೇಹ ಕೊಡಗಿಗೆ ಬರಲಿಲ್ಲ.

ಮಡಿಕೇರಿಯಲ್ಲಿ ಈಗ ದೇವಯ್ಯನವರ ಹೆಸರಿನ ವೃತ್ತವಿದೆ. 2025ರ ಜನವರಿಯಲ್ಲಿ ತೆರೆಕಂಡ ಹಿಂದಿ ಚಲನಚಿತ್ರ ಸ್ಕೈ ಫೋರ್ಸ್ ಇದೇ ಸರ್ಗೋಧಾ ದಾಳಿಯನ್ನು ಆಧರಿಸಿದ್ದು. ಅಕ್ಷಯ್ ಕುಮಾರ್ ದಳನಾಯಕನಾಗಿಯೂ, ವೀರ್ ಪಹಾರಿಯಾ ಹಿಂದಿರುಗದ ಪೈಲಟ್ ಆಗಿಯೂ ನಟಿಸಿದ್ದರು. ದೇಶದ ಬಹುಮಂದಿಗೆ ದೇವಯ್ಯನವರ ಕಥೆ ತಲುಪಿದ್ದು ಈ ಚಿತ್ರದಿಂದಲೇ. ಆದರೆ ತೆರೆಯ ಮೇಲೆ ಆ ಪೈಲಟ್‌ನ ಹೆಸರು ಟಿ. ಕೃಷ್ಣ ವಿಜಯ ಎಂದಾಗಿತ್ತು, ಕೊಡವ ಹಿನ್ನೆಲೆ ಮಾಯವಾಗಿ ತಮಿಳು ಛಾಯೆ ಬಂದಿತ್ತು. ಕೊಡಗಿನವರು ಇದಕ್ಕೆ ಬೇಸರ ವ್ಯಕ್ತಪಡಿಸಿದರು. ಸಿನಿಮಾ ಕಥೆಗೆ ಸ್ವಾತಂತ್ರ್ಯವಿರುತ್ತದೆ ಎಂಬುದು ನಿಜ. ಆದರೂ 23 ವರ್ಷ ಸರಿಯಾದ ದಾಖಲೆಯಿಲ್ಲದೆ ಕಳೆದವರ ವಿಷಯದಲ್ಲಿ ಆ ಬೇಸರವನ್ನು ಅತಿಯೆನ್ನಲಾಗದು.

ಇಂಗ್ಲಿಷಿನಲ್ಲಿ ಅವರ ಹೆಸರಿನ ಕೊನೆಯ ಅಕ್ಷರಗಳನ್ನು ಇಂದಿಗೂ ಎರಡು ಬಗೆಯಲ್ಲಿ ಬರೆಯುತ್ತಾರೆ. ಪತ್ರಿಕೆಗಳಲ್ಲಿ ಎರಡೂ ಕಾಣಸಿಗುತ್ತವೆ. ಕನ್ನಡದಲ್ಲಿ ಆ ತೊಡಕಿಲ್ಲ: ಅಜ್ಜಮಾಡ ಬೋಪಯ್ಯ ದೇವಯ್ಯ.